ಮನೆಯೊಳಗಿನ ಶ್ರುತಭಂಡಾರ: ಹಿಂದಿನ ಶತಮಾನಗಳಲ್ಲಿ ನಮ್ಮ ಮಕ್ಕಳ ಓದು

ದೇವ, ಶಾಸ್ತ್ರ, ಗುರು ಎಂಬ ಮೂರನ್ನು ನಾವು ಯಾವಾಗಲೂ ಒಟ್ಟಿಗೆ ಸ್ಮರಿಸುತ್ತೇವೆ. ದೇವರ ನೆಲೆ ಬಸದಿ. ಅದರ ಪ್ರತಿಷ್ಠೆಯೆಂದರೆ ಊರಿಗೆ ಊರೇ ಸಂಭ್ರಮಿಸುತ್ತದೆ. ಅದು ಯುಕ್ತವೂ ಹೌದು. ಗುರುಗಳ ನೆಲೆ ಮಠ ಮತ್ತು ವಿಹಾರಮಾರ್ಗ. ಹಾಗಾದರೆ ಶಾಸ್ತ್ರದ ನೆಲೆ ಎಲ್ಲಿ? ಯಾರಾದರೂ ಹೀಗೆ ಕೇಳಿದರೆ ಮೂಡುಬಿದಿರೆಯ ಸಿದ್ಧಾಂತ ಬಸದಿಯನ್ನೋ ಶ್ರವಣಬೆಳಗೊಳದ ಗ್ರಂಥಭಂಡಾರವನ್ನೋ ನಾವು ಕೂಡಲೇ ಹೆಸರಿಸುತ್ತೇವೆ. ಆ ಉತ್ತರ ತಪ್ಪಲ್ಲ. ಆದರೆ ಭಂಡಾರದಲ್ಲಿ ಗ್ರಂಥವು ಸುರಕ್ಷಿತವಾಗಿರುತ್ತದೆ, ಅಷ್ಟೆ. ಅದು ಬಾಳುವುದು ಓದುವವರ ನಾಲಗೆಯ ಮೇಲೆ. ನಮ್ಮ ಸಮಾಜದಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿ ಶಾಸ್ತ್ರವು ಬಾಳಿದ್ದು ಗೃಹಸ್ಥರ ಮನೆಯ ಪಡಸಾಲೆಯಲ್ಲಿ, ಹಿರಿಯರ ಎದುರು ಕುಳಿತು ಗಟ್ಟಿಯಾಗಿ ಓದುತ್ತಿದ್ದ ಮಕ್ಕಳ ಮತ್ತು ತರುಣರ ಬಾಯಲ್ಲಿ.

ನಾನು ವಿದ್ವಾಂಸನಲ್ಲ. ಮೆಟ್ರಿಕ್ ಮುಗಿಸಿ ಅಂಗಡಿಯಲ್ಲಿ ಕುಳಿತವನು. ಆದರೂ ನಮ್ಮ ಪೂರ್ವಜರ ಮನೆಗಳಲ್ಲಿ ಮಕ್ಕಳು ಏನನ್ನು ಓದುತ್ತಿದ್ದರು, ಯಾವುದರ ಮೇಲೆ ಓದುತ್ತಿದ್ದರು, ಯಾರಿಗಾಗಿ ಓದುತ್ತಿದ್ದರು ಎಂಬ ಪ್ರಶ್ನೆಗಳು ಬಹುಕಾಲದಿಂದ ನನ್ನನ್ನು ಕಾಡುತ್ತಿದ್ದವು. ಹಿರಿಯರ ಗ್ರಂಥಗಳಿಂದಲೂ ಬಲ್ಲವರ ಸಹವಾಸದಿಂದಲೂ ನನಗೆ ದೊರೆತ ಉತ್ತರವನ್ನು ವಾಚಕರ ಮುಂದಿಡುತ್ತಿದ್ದೇನೆ.

ಕೇಳುವವನೇ ಶ್ರಾವಕ

ಮೊದಲು ನಮ್ಮ ಹೆಸರನ್ನೇ ಗಮನಿಸೋಣ. ಗೃಹಸ್ಥನಾದ ಜೈನನಿಗೆ ಶ್ರಾವಕ ಎಂದು ಹೆಸರು. ಶ್ರಾವಕ ಎಂದರೆ ಕೇಳುವವನು. ಶಾಸ್ತ್ರಕ್ಕೆ ಶ್ರುತ ಎಂದು ಹೆಸರು. ಶ್ರುತ ಎಂದರೆ ಕೇಳಿದ್ದು. ಹೀಗೆ ನಮ್ಮ ಹೆಸರಿನಲ್ಲಿಯೂ ನಮ್ಮ ಶಾಸ್ತ್ರದ ಹೆಸರಿನಲ್ಲಿಯೂ ಇರುವುದು ಕಣ್ಣಲ್ಲ, ಕಿವಿ. ಒಬ್ಬನು ಮೂಲೆಯಲ್ಲಿ ಕುಳಿತು ತನ್ನಷ್ಟಕ್ಕೆ ಪುಸ್ತಕ ತಿರುವಿ ಹಾಕುವುದನ್ನು ನಮ್ಮ ಹಿರಿಯರು ಪೂರ್ಣವಾದ ಓದೆಂದು ಎಣಿಸುತ್ತಿರಲಿಲ್ಲ.

ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪ, ದಾನ ಇವು ಗೃಹಸ್ಥನ ಆರು ನಿತ್ಯಕರ್ಮಗಳು. ಇವುಗಳಲ್ಲಿ ಮೂರನೆಯದಾದ ಸ್ವಾಧ್ಯಾಯಕ್ಕೆ ತತ್ತ್ವಾರ್ಥಸೂತ್ರವು ಐದು ಅಂಗಗಳನ್ನು ಹೇಳಿದೆ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಅಂದರೆ ಓದುವುದು, ತಿಳಿಯದ್ದನ್ನು ಕೇಳುವುದು, ಮನಸ್ಸಿನಲ್ಲಿ ಮೆಲುಕು ಹಾಕುವುದು, ಉಚ್ಚಾರ ಕೆಡದಂತೆ ಮತ್ತೆ ಮತ್ತೆ ಹೇಳಿ ಬಾಯಿಪಾಠ ಮಾಡುವುದು, ಕೊನೆಗೆ ಇನ್ನೊಬ್ಬರಿಗೆ ತಿಳಿಸುವುದು. ಓದು ಎಂಬುದು ಈ ಐದರಲ್ಲಿ ಮೊದಲನೆಯದು ಮಾತ್ರ. ಉಳಿದ ನಾಲ್ಕಕ್ಕೆ ಎದುರಿಗೆ ಇನ್ನೊಬ್ಬರು ಇದ್ದರೆ ಒಳ್ಳೆಯದು, ಕೆಲವಕ್ಕೆ ಇರಲೇಬೇಕು. ಹಿಂದಿನ ಮನೆಗಳ ಓದನ್ನು ಅರಿಯಲು ಈ ಐದು ಅಂಗಗಳೇ ಕೀಲಿಕೈ.

ಮರಳು, ಬಳಪ, ಕಡತ, ತಾಳೆಗರಿ

ಅಕ್ಷರಾಭ್ಯಾಸದ ಆರಂಭಕ್ಕೆ ಕನ್ನಡದಲ್ಲಿ ಓನಾಮ ಎನ್ನುತ್ತೇವೆ. ಕೆಲಸ ಶುರುಮಾಡುವುದಕ್ಕೆ ಓನಾಮ ಹಾಕುವುದು ಎಂಬ ಮಾತು ಎಲ್ಲ ಜಾತಿಮತದವರ ಬಾಯಲ್ಲೂ ಇದೆ. ಸಿದ್ಧರಿಗೆ ನಮಿಸಿ ಅಕ್ಷರ ತಿದ್ದಲು ತೊಡಗುತ್ತಿದ್ದ ಹಳೆಯ ಪದ್ಧತಿಯಲ್ಲಿ ಮಗು ಮೊದಲು ಬರೆಯುತ್ತಿದ್ದುದು ಓಂ ನಮಃ ಸಿದ್ಧಂ ಎಂದು. ಅಕ್ಷರದ ಮೊದಲ ಶಿಷ್ಯರು ಹೆಣ್ಣುಮಕ್ಕಳೆಂಬುದನ್ನೂ ನಮ್ಮ ಪುರಾಣಗಳು ಹೇಳುತ್ತವೆ. ಆದಿನಾಥ ಸ್ವಾಮಿಯು ಮಗಳಾದ ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕೆಗಳನ್ನೂ ಕಲಿಸಿದನೆಂಬ ಕಥೆ ಜಿನಸೇನಾಚಾರ್ಯರ ಪೂರ್ವಪುರಾಣದಲ್ಲಿದೆ. ೯೪೧ರಲ್ಲಿ ಪಂಪನು ರಚಿಸಿದ ಆದಿಪುರಾಣದಲ್ಲಿಯೂ ಇದೆ. ಪಾಠಶಾಲೆಯಲ್ಲಲ್ಲ, ಮನೆಯಲ್ಲಿ, ತಂದೆಯೇ ಗುರುವಾಗಿ ನಡೆದ ಪಾಠ ಅದು.

ಮಗುವಿನ ಮೊದಲ ಪುಸ್ತಕ ಮರಳು. ಹಲಗೆಯ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ತಿದ್ದಿ, ಕೈ ಕುದುರಿದ ಮೇಲೆ ಬಳಪ ಹಿಡಿಯಬೇಕು. ವ್ಯಾಪಾರದ ಮನೆಗಳಲ್ಲಿ ಇದಕ್ಕೊಂದು ವಿಶೇಷ ಸಾಧನವಿತ್ತು, ಅದೇ ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಚಿದರೆ ಕಪ್ಪನೆಯ ಪುಸ್ತಕ ಸಿದ್ಧ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದದ್ದನ್ನು ಒರಸಿ ಮತ್ತೆ ಬರೆಯಬಹುದು. ಜೋಪಾನ ಮಾಡಿದರೆ ತಲೆಮಾರುಗಳ ಕಾಲ ಉಳಿಯುತ್ತದೆ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ೧೮೧೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಕಡತವನ್ನು ವಿವರವಾಗಿ ವರ್ಣಿಸಿದ್ದಾನೆ. ಇಂದು ಸರಕಾರಿ ಕಛೇರಿಗಳಲ್ಲಿ ಕಾಗದಪತ್ರಗಳ ಕಟ್ಟಿಗೆ ಕಡತವೆನ್ನುವುದು ಆ ಹಳೆಯ ಹೆಸರಿನ ಮುಂದುವರಿಕೆಯೇ.

ವರ್ತಕನ ಮಗನಿಗೆ ಓದು ಮತ್ತು ಲೆಕ್ಕ ಬೇರೆ ಬೇರೆಯಾಗಿರಲಿಲ್ಲ. ಹಾಗ ವೀಸಗಳ ಮಗ್ಗಿಯನ್ನು ಒಪ್ಪಿಸುತ್ತಿದ್ದ ನಾಲಗೆಯೇ ಸ್ತೋತ್ರವನ್ನೂ ಒಪ್ಪಿಸುತ್ತಿತ್ತು. ಗಣಿತವನ್ನು ಕನ್ನಡ ಪದ್ಯಗಳಲ್ಲಿ ಮೊದಲು ಬರೆದ ರಾಜಾದಿತ್ಯನು ಜೈನನು, ೧೨ನೆಯ ಶತಮಾನದವನು. ಅವನ ವ್ಯವಹಾರಗಣಿತವು ಹೆಸರೇ ಹೇಳುವಂತೆ ಕೊಡುಕೊಳ್ಳುವವರ ಗಣಿತ. ಲೆಕ್ಕವನ್ನು ಪದ್ಯದಲ್ಲಿ ಏಕೆ ಕಟ್ಟಿದರು? ಕಾಗದವಿಲ್ಲದ ಕಾಲದಲ್ಲಿ ಲೆಕ್ಕದ ಸೂತ್ರವು ಬಾಯಲ್ಲಿ ನಿಲ್ಲಬೇಕಾಗಿತ್ತು. ಇದು ಆಮ್ನಾಯವೆಂಬ ನಾಲ್ಕನೆಯ ಅಂಗದ ಲೌಕಿಕ ಪ್ರಯೋಜನ.

ಶಾಸ್ತ್ರಗ್ರಂಥವಾದರೋ ತಾಳೆಗರಿಯ ಮೇಲೆಯೇ ಇರುತ್ತಿತ್ತು. ಗರಿಯನ್ನು ಹದಮಾಡಿ, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಿ, ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆದು, ಮಸಿ ತೀಡಿ ಒರಸಿದರೆ ಅಕ್ಷರ ಕಪ್ಪಾಗಿ ಎದ್ದು ಕಾಣುತ್ತದೆ. ರಂಧ್ರದಲ್ಲಿ ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆ ಇಟ್ಟು, ಬಟ್ಟೆಯಲ್ಲಿ ಸುತ್ತಿದರೆ ಗ್ರಂಥವಾಯಿತು. ಒಂದು ಪುರಾಣದ ಪ್ರತಿಗೆ ಒಬ್ಬ ಲಿಪಿಕಾರನ ತಿಂಗಳುಗಟ್ಟಲೆ ದುಡಿಮೆ ಬೇಕು. ಗ್ರಂಥದ ಕೊನೆಯಲ್ಲಿ ಲಿಪಿಕಾರರು ತಮ್ಮ ಬೆನ್ನು ಕತ್ತುಗಳ ನೋವನ್ನು ಹೇಳಿಕೊಂಡು, ಎಣ್ಣೆ ನೀರುಗಳಿಂದ ಪುಸ್ತಕವನ್ನು ಕಾಪಾಡಿರೆಂದು ಓದುವವರನ್ನು ಬೇಡಿಕೊಳ್ಳುವುದುಂಟು.

ಒಂದು ಗ್ರಂಥ, ಹಲವು ಕಿವಿ

ಇಷ್ಟು ಶ್ರಮದ ವಸ್ತುವು ಎಲ್ಲರ ಮನೆಯಲ್ಲಿಯೂ ಇರುವುದು ಸಾಧ್ಯವಿರಲಿಲ್ಲ. ಆದುದರಿಂದಲೇ ಆಹಾರ, ಅಭಯ, ಭೈಷಜ್ಯ ದಾನಗಳ ಜೊತೆಗೆ ಶಾಸ್ತ್ರದಾನಕ್ಕೂ ಸಮಾನ ಸ್ಥಾನ ಕೊಟ್ಟರು. ಹಸಿದವನಿಗೆ ಅನ್ನ ನೀಡುವುದು ಎಷ್ಟು ಪುಣ್ಯವೋ ಓದಬೇಕೆಂಬುವನಿಗೆ ಗ್ರಂಥ ನೀಡುವುದೂ ಅಷ್ಟೇ ಪುಣ್ಯವೆಂದು ಭಾವಿಸಿದರು.

ಈ ದಾನದಲ್ಲಿ ಅಗ್ರಗಣ್ಯಳು ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ೧,೦೦೦ ಪ್ರತಿಗಳನ್ನು ಬರೆಯಿಸಿ ಹಂಚಿದವಳು ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಆದರೆ ಅದರ ಹಿಂದಿನ ಮನೆಯ ಸಂಗತಿಯನ್ನು ಅಷ್ಟಾಗಿ ಹೇಳುವುದಿಲ್ಲ. ಆ ಶಾಂತಿಪುರಾಣವನ್ನು ಪೊನ್ನನಿಂದ ಬರೆಯಿಸಿದವರು ಅತ್ತಿಮಬ್ಬೆಯ ತಂದೆ ಮಲ್ಲಪಯ್ಯ ಮತ್ತು ಅವನ ಸೋದರ ಪುನ್ನಮಯ್ಯ. ತಮ್ಮ ಗುರುಗಳ ಸ್ಮರಣೆಗೆಂದು ಅವರು ಅದನ್ನು ಮಾಡಿಸಿದರು. ಎಂದರೆ ಅದು ಅವಳ ತವರುಮನೆಯಲ್ಲಿ ಹುಟ್ಟಿದ ಗ್ರಂಥ. ತನ್ನ ಮನೆಯ ಗ್ರಂಥವು ಅಳಿದುಹೋಗಬಾರದು, ನಾಡಿನ ಇತರ ಮನೆಗಳಲ್ಲಿಯೂ ಓದಿಸಿಕೊಳ್ಳಬೇಕು ಎಂಬ ಹಂಬಲವೇ ಆ ೧,೦೦೦ ಪ್ರತಿಗಳಾಯಿತು. ೧೦೦೭ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಕೈಯೇ ಗ್ರಂಥವನ್ನೂ ಹಂಚಿತು. ಕಲ್ಲಿನ ಬಸದಿಯೊಂದನ್ನು ಕಟ್ಟಿದವಳು ಗರಿಯ ಬಸದಿಗಳನ್ನು ಸಾವಿರ ಕಡೆ ಕಟ್ಟಿದಳು.

ಅವಳೊಬ್ಬಳೇ ಅಲ್ಲ. ಮೂಡುಬಿದಿರೆಯಲ್ಲಿ ಉಳಿದುಬಂದ ಧವಲಾ ಗ್ರಂಥದ ತಾಳೆಪ್ರತಿಯನ್ನು ದೇಮಿಯಕ್ಕನೆಂಬ ಶ್ರಾವಿಕೆ ವ್ರತದ ಉದ್ಯಾಪನೆಗೆಂದು ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆ ಎಂಬ ಶ್ರಾವಿಕೆ ಅಂಥದೇ ಉದ್ಯಾಪನೆಯಲ್ಲಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ಹೆಣ್ಣುಮಕ್ಕಳು ವ್ರತ ಮುಗಿಸಿದಾಗ ಒಡವೆಯನ್ನಲ್ಲ, ಗ್ರಂಥವನ್ನು ಮಾಡಿಸುತ್ತಿದ್ದರು ಎಂಬುದನ್ನು ಇಂದಿನ ನಮ್ಮ ಸೋದರಿಯರು ಮನಸ್ಸಿಗೆ ತಂದುಕೊಳ್ಳಬೇಕು.

ಗ್ರಂಥ ಅಪರೂಪವಾದಾಗ ಓದಿನ ರೀತಿಯೂ ಬದಲಾಗುತ್ತದೆ. ಒಬ್ಬನು ಓದಬೇಕು, ಹತ್ತು ಜನ ಕೇಳಬೇಕು. ಓದುವವರು ಬಹುಮಟ್ಟಿಗೆ ಮನೆಯ ಚಿಕ್ಕವರೇ. ಏಕೆಂದರೆ ತಾಳೆಗರಿಯ ಸಣ್ಣ ಅಕ್ಷರಗಳಿಗೆ ಎಳೆಯ ಕಣ್ಣು ಬೇಕು; ಅರ್ಥ ಹೇಳಲು ಹಿರಿಯರ ಅನುಭವ ಬೇಕು. ಹುಡುಗನು ವಾಚನಾ ಮಾಡಿದರೆ ತಾಯಿ ತಂದೆ ಅಜ್ಜಿಯರು ಪೃಚ್ಛನಾ ಮಾಡುತ್ತಿದ್ದರು. ತಪ್ಪು ಓದಿದರೆ ಅಲ್ಲಿಯೇ ತಿದ್ದುತ್ತಿದ್ದರು. ಹೀಗೆ ಓದು ಎಂಬುದು ಮಗನು ಮನೆಗೆ ಮಾಡುತ್ತಿದ್ದ ಸೇವೆಗಳಲ್ಲಿ ಒಂದಾಗಿತ್ತು. ನೀರು ತರುವುದು, ದನ ಕಟ್ಟುವುದು ಹೇಗೋ ಹಾಗೆ.

ಏನನ್ನು ಓದುತ್ತಿದ್ದರು?

ತರುಣರ ಮನಸ್ಸನ್ನು ಹಿಡಿದವು ಕಥೆಗಳು. ಸುಮಾರು ೧೦ನೆಯ ಶತಮಾನದ ವಡ್ಡಾರಾಧನೆಯಲ್ಲಿ ೧೯ ಮಹಾಪುರುಷರ ಕಥೆಗಳಿವೆ. ಅವುಗಳಲ್ಲಿ ಮೊದಲನೆಯದಾದ ಸುಕುಮಾರಸ್ವಾಮಿಯ ಕಥೆಯೊಳಗೆ ವಿದ್ಯಾಭ್ಯಾಸದ ಒಂದು ಪ್ರಸಂಗವಿದೆ. ಅಗ್ನಿಭೂತಿ, ವಾಯುಭೂತಿ ಎಂಬ ಅಣ್ಣತಮ್ಮಂದಿರು ತಂದೆಯಿದ್ದಾಗ ಓದದೆ ಕಾಲ ಕಳೆದರು. ತಂದೆ ತೀರಿಕೊಂಡ ಮೇಲೆ ಅವನ ಪದವಿ ಇವರಿಗೆ ದಕ್ಕಲಿಲ್ಲ. ತಾಯಿ ಇಬ್ಬರನ್ನೂ ತನ್ನ ಅಣ್ಣ ಸೂರ್ಯಮಿತ್ರನ ಬಳಿಗೆ ಕಳುಹಿಸಿದಳು. ಸೋದರಮಾವನೆಂದು ತಿಳಿದರೆ ಸಲುಗೆ ಬೆಳೆದು ಓದು ಕೆಟ್ಟೀತೆಂದು ಅವನು ಸಂಬಂಧವನ್ನೇ ಮರೆಮಾಚಿ, ಭಿಕ್ಷಾನ್ನದಲ್ಲಿ ಇರಿಸಿ, ಕಟ್ಟುನಿಟ್ಟಾಗಿ ವಿದ್ಯೆ ಕಲಿಸಿ, ಹೊರಡುವ ದಿನ ತಾನು ಯಾರೆಂಬುದನ್ನು ಹೇಳಿದನು. ಅದನ್ನು ಕೇಳಿ ಅಣ್ಣನು ಉಪಕಾರವನ್ನು ನೆನೆದನು. ತಮ್ಮನು ಹಗೆ ಕಟ್ಟಿಕೊಂಡನು. ಸಾವಿರ ವರ್ಷದ ಹಿಂದೆಯೂ ಓದಲೊಲ್ಲದ ಮಕ್ಕಳಿದ್ದರು, ಕಲಿಸಿದವರ ಮೇಲೆ ಮುನಿಸಿಕೊಳ್ಳುವ ಮಕ್ಕಳೂ ಇದ್ದರು. ಇಂದಿನ ತಂದೆತಾಯಿಗಳಿಗೆ ಇದು ಸಮಾಧಾನದ ಸಂಗತಿಯಾದೀತು!

ಅದೇ ಕಥೆಯ ಸುಕುಮಾರನು ಶ್ರೀಮಂತ ಸೆಟ್ಟಿಯ ಮನೆಯ ಮಗ. ಮುನಿಗಳನ್ನು ಕಂಡರೆ ವಿರಕ್ತನಾಗುತ್ತಾನೆಂಬ ಭವಿಷ್ಯವಾಣಿಗೆ ಹೆದರಿ ತಾಯಿ ಮನೆಯೊಳಗೆ ಮುನಿಗಳು ಸುಳಿಯದಂತೆ ನೋಡಿಕೊಂಡಳು. ಆದರೆ ಚಾತುರ್ಮಾಸಕ್ಕೆಂದು ಸಮೀಪದಲ್ಲಿ ನಿಂತಿದ್ದ ಮುನಿಗಳು ಶಾಸ್ತ್ರವನ್ನು ಪಠಿಸುತ್ತಿದ್ದ ಧ್ವನಿ ರಾತ್ರಿಯಲ್ಲಿ ಅವನ ಕಿವಿಗೆ ಬಿದ್ದಿತು. ಹಿಂದಿನ ಜನ್ಮ ನೆನಪಾಯಿತು. ಮನೆ ಬಿಟ್ಟು ನಡೆದನು. ಬಾಗಿಲನ್ನು ಮುಚ್ಚಬಹುದು, ಕಿವಿಯನ್ನು ಮುಚ್ಚಲಾಗದು ಎಂಬುದನ್ನು ಈ ಕಥೆ ಕೇಳಿದ ಪ್ರತಿಯೊಬ್ಬ ವರ್ತಕಪುತ್ರನೂ ಅರಿತಿರಬೇಕು.

ಓದಿನ ಮನೆತನಗಳು

ಓದು ಬೆಳೆಯುತ್ತಿದ್ದುದು ಮನೆತನಗಳಲ್ಲಿ. ರನ್ನನನ್ನು ನೋಡಿ. ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಕುಲದಲ್ಲಿ ಹುಟ್ಟಿದ ಹುಡುಗ. ಓದಬೇಕೆಂಬ ಛಲದಿಂದ ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಮತ್ತು ಅತ್ತಿಮಬ್ಬೆಯ ಆಶ್ರಯ ಪಡೆದು, ೯೯೩ರಲ್ಲಿ ಅಜಿತಪುರಾಣವನ್ನು ಮುಗಿಸಿದನು. ತನ್ನ ಓದಿಗೆ ನೆರವಾದವರ ನೆನಪಿಗೆ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ವ್ಯಾಪಾರದ ಕುಲದವನೆಂದು ಹೇಳಿಕೊಳ್ಳಲು ಅವನು ನಾಚಲಿಲ್ಲ, ನಾವೂ ನಾಚಬೇಕಾಗಿಲ್ಲ.

ಇನ್ನೊಂದು ಮನೆತನ ನಮ್ಮ ನಾಡಿಗೆ ಇನ್ನೂ ಹತ್ತಿರದ್ದು, ಹೊಯ್ಸಳರ ಕಾಲದ್ದು. ತಾತ ಸುಮನೋಬಾಣ ಕವಿ. ಅವನ ಮಗ ಜನ್ನ, ೧೨೦೯ರಲ್ಲಿ ಯಶೋಧರ ಚರಿತೆಯನ್ನು ಬರೆದವನು. ಅಳಿಯ ಮಲ್ಲಿಕಾರ್ಜುನ, ಹಿಂದಿನ ಕವಿಗಳ ಒಳ್ಳೆಯ ಪದ್ಯಗಳನ್ನು ಆರಿಸಿ ೧೨೪೫ರ ಸುಮಾರಿಗೆ ಸೂಕ್ತಿಸುಧಾರ್ಣವವೆಂಬ ಸಂಕಲನ ಮಾಡಿದವನು. ಮಲ್ಲಿಕಾರ್ಜುನನ ಮಗ ಕೇಶಿರಾಜ, ೧೨೬೦ರ ಸುಮಾರಿಗೆ ಶಬ್ದಮಣಿದರ್ಪಣವೆಂಬ ಹಳಗನ್ನಡ ವ್ಯಾಕರಣವನ್ನು ರಚಿಸಿದವನು. ಕೇಶಿರಾಜನು ತಾನು ಸುಮನೋಬಾಣನ ಮೊಮ್ಮಗ, ಜನ್ನನ ಸೋದರಳಿಯ, ಮಲ್ಲಿಕಾರ್ಜುನನ ಮಗ ಎಂದು ಅಭಿಮಾನದಿಂದ ಹೇಳಿಕೊಂಡಿದ್ದಾನೆ. ತನ್ನ ವ್ಯಾಕರಣದ ಸೂತ್ರಗಳಿಗೆ ಅವನು ಪಂಪ, ಪೊನ್ನ, ರನ್ನ ಮೊದಲಾದ ಹಿಂದಿನ ಕವಿಗಳ ಪ್ರಯೋಗಗಳನ್ನೇ ಆಧಾರವಾಗಿ ಕೊಡುತ್ತಾನೆ. ಸಂಕಲನ ಮಾಡಬೇಕಾದರೆ ಮನೆ ತುಂಬ ಗ್ರಂಥಗಳಿರಬೇಕು. ಆ ಮನೆಯಲ್ಲಿ ಬೆಳೆದ ಹುಡುಗನಿಗೆ ವ್ಯಾಕರಣವು ಮೊದಲು ಕಿವಿಯಿಂದಲೇ ಬಂದಿರಬೇಕು. ಮೂರು ತಲೆಮಾರಿನ ಮನೆಯ ಓದು ಸೇರಿ ಕನ್ನಡಕ್ಕೆ ಒಂದು ವ್ಯಾಕರಣ ದೊರೆಯಿತು.

ಆಲೂರು ಸಕಲೇಶಪುರಗಳ ಈ ಗುಡ್ಡಗಾಡು ಆ ಹೊಯ್ಸಳ ನಾಡಿನ ಅಂಚೇ ಆಗಿದೆ. ಹೊಯ್ಸಳರ ಮೂಲಸ್ಥಾನವಾದ ಅಂಗಡಿ ಗ್ರಾಮ, ಹಳೆಯ ಸೊಸೆವೂರು, ನಮಗೆ ದೂರವಲ್ಲ. ಅಲ್ಲಿ ಪ್ರಾಚೀನ ಬಸದಿಗಳಿವೆ. ಹಳೇಬೀಡಿನಲ್ಲಿ ಗಂಗರಾಜನ ಮಗ ಬೊಪ್ಪದೇವನು ೧೧೩೩ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯಿದೆ. ಹಾಸನದ ಸಮೀಪದ ಮರ್ಕುಲಿಯಲ್ಲಿ ಮಂತ್ರಿ ಬೂಚಿಮಯ್ಯನು ೧೧೭೩ರಲ್ಲಿ ಮಾಡಿಸಿದ ಬಸದಿಯಿದೆ. ಪೂರ್ವಕ್ಕೆ ಶ್ರವಣಬೆಳಗೊಳ, ಪಶ್ಚಿಮಕ್ಕೆ ಘಟ್ಟ ಇಳಿದರೆ ಮೂಡುಬಿದಿರೆ. ಶಾಸ್ತ್ರದ ಎರಡು ದೊಡ್ಡ ಭಂಡಾರಗಳ ನಡುವಿನ ದಾರಿಯಲ್ಲಿ ನಾವಿದ್ದೇವೆ. ಘಟ್ಟದ ಮೇಲಿನ ಅಡಿಕೆ ಏಲಕ್ಕಿಗಳೂ ಕೆಳಗಿನ ಉಪ್ಪು ತೆಂಗಿನಕಾಯಿಗಳೂ ಓಡಾಡಿದ ದಾರಿಯಲ್ಲಿಯೇ ಯಾತ್ರಿಕರೂ ಅವರ ಬಾಯಲ್ಲಿದ್ದ ಕಥೆಗಳೂ ಓಡಾಡಿವೆ.

ಹಾಡಿನ ಓದು

ವಿಜಯನಗರದ ಕಾಲಕ್ಕೆ ಮನೆಯ ಓದಿನಲ್ಲಿ ಒಂದು ದೊಡ್ಡ ಬದಲಾವಣೆಯಾಯಿತು. ಹಳಗನ್ನಡದ ಚಂಪೂ ಕಾವ್ಯವನ್ನು ಅರ್ಥ ಹೇಳುವವರಿಲ್ಲದೆ ಓದುವುದು ಕಷ್ಟವಾಯಿತು. ಆಗ ನಮ್ಮ ಕವಿಗಳು ಷಟ್ಪದಿಯನ್ನೂ ಸಾಂಗತ್ಯವನ್ನೂ ಕೈಗೆತ್ತಿಕೊಂಡರು. ಹುಣಸೂರಿನ ಸಮೀಪದ ಕಲ್ಲಹಳ್ಳಿಯ ಮಂಗರಸನು ೧೬ನೆಯ ಶತಮಾನದ ಆದಿಯಲ್ಲಿ ಸಮ್ಯಕ್ತ್ವಕೌಮುದಿಯನ್ನು ಬರೆದನು. ಅದರ ಕಥಾಸಂದರ್ಭವೇ ಒಂದು ವರ್ತಕನ ಮನೆ. ಕೌಮುದಿ ಹಬ್ಬದ ರಾತ್ರಿ ಅರ್ಹದ್ದಾಸ ಸೆಟ್ಟಿಯೂ ಅವನ ಹೆಂಡತಿಯರೂ ಮನೆಯಲ್ಲಿಯೇ ಕುಳಿತು ತಮಗೆ ಶ್ರದ್ಧೆ ಮೂಡಿದ ಬಗೆಯನ್ನು ಒಬ್ಬೊಬ್ಬರಾಗಿ ಕಥೆಯಾಗಿ ಹೇಳುತ್ತಾರೆ; ಹೊರಗೆ ರಾಜ, ಮಂತ್ರಿ ಮತ್ತು ಒಬ್ಬ ಕಳ್ಳ ಅದನ್ನು ಮರೆಯಲ್ಲಿ ನಿಂತು ಕೇಳುತ್ತಾರೆ. ಒಳ್ಳೆಯ ಮಾತು ನಡೆಯುವ ಮನೆಯ ಗೋಡೆಗೂ ಕಿವಿಯಿರಲಿ ಎಂಬ ಆಸೆ ಇಲ್ಲಿದೆ.

ಮೂಡುಬಿದಿರೆಯ ರತ್ನಾಕರವರ್ಣಿಯು ೧೫೫೭ರ ಸುಮಾರಿಗೆ ಭರತೇಶವೈಭವವನ್ನು ಸಾಂಗತ್ಯದಲ್ಲಿ ಹಾಡಿದನು. ಸುಮಾರು ೧೦,೦೦೦ ಪದ್ಯಗಳ ಆ ಕಾವ್ಯವನ್ನು ಓದಲು ಪಂಡಿತನೇ ಆಗಬೇಕೆಂದಿಲ್ಲ. ರಾಗ ಬಂದರೆ ಸಾಕು. ಸಂಸಾರದಲ್ಲಿದ್ದೂ ಮನಸ್ಸನ್ನು ಒಳಗೆ ತಿರುಗಿಸಿದ ಭರತ ಚಕ್ರವರ್ತಿಯ ಕಥೆ ಗೃಹಸ್ಥರ ಮನಸ್ಸಿಗೆ ನೇರವಾಗಿ ನಾಟಿತು. ಅಕ್ಷರ ಬಾರದ ಹೆಂಗಸರೂ ಕೇಳಿ ಕೇಳಿ ಅದನ್ನು ಹಾಡುವಂತಾದರು. ಕೇಳಿಕೆಯನ್ನು ಬೇಡುವ ಶ್ರಾವಿಕೆಯರ ಬಯಕೆಯೂ ಗ್ರಂಥಗಳನ್ನು ಹುಟ್ಟಿಸಿದೆ: ಕನಕಗಿರಿಯ ದೇವಚಂದ್ರನು ೧೮೩೮ರಲ್ಲಿ ಮುಗಿಸಿದ ರಾಜಾವಳೀಕಥೆಯು ಮೈಸೂರು ರಾಜಮನೆತನದ ದೇವೀರಮ್ಮಣ್ಣಿಯವರಿಗಾಗಿ ರಚಿತವಾದದ್ದು.

ಮಳೆಗಾಲದ ಮನೆ

ಮಲೆನಾಡಿನ ಓದಿಗೆ ಮಳೆಗಾಲವೇ ಸುಗ್ಗಿ. ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿ. ಧರಸೇನಾಚಾರ್ಯರಿಂದ ಕಲಿತ ಪುಷ್ಪದಂತ ಭೂತಬಲಿ ಆಚಾರ್ಯರು ಆಗಮವನ್ನು ಲಿಪಿಗೆ ಇಳಿಸಿ ಪೂರೈಸಿದ ದಿನವೆಂದು ಅಂದು ಗ್ರಂಥಪೂಜೆ. ಅದು ಬರುವುದು ಮುಂಗಾರಿನ ಹೊಸ್ತಿಲಲ್ಲಿ. ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಗಾಳಿಗಿಟ್ಟು, ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಹೊಸ ಬಟ್ಟೆಯಲ್ಲಿ ಕಟ್ಟುವ ಪದ್ಧತಿಗೆ ಆ ದಿನ ಎಷ್ಟು ಹೊಂದುತ್ತದೆ ಎಂಬುದನ್ನು ನಮ್ಮ ಕಡೆಯ ಥಂಡಿಯನ್ನೂ ಗೆದ್ದಲನ್ನೂ ಬಲ್ಲವರಿಗೆ ಹೇಳಬೇಕಾಗಿಲ್ಲ. ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಗ್ರಂಥದ ಕಟ್ಟುಗಳನ್ನು ಇಡುತ್ತಿದ್ದುದೂ ಹುಳುವಿನ ಕಾಟ ತಪ್ಪಿಸಲೆಂದೇ.

ಅನಂತರ ಚಾತುರ್ಮಾಸ. ಹಳ್ಳಗಳು ತುಂಬಿ ದಾರಿ ನಿಂತುಹೋಗುತ್ತದೆ. ವ್ಯಾಪಾರದ ಎತ್ತುಗಳು ಕೊಟ್ಟಿ���ೆ ಸೇರುತ್ತವೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಗಳಲ್ಲಿ ಸಂಜೆ ದೀರ್ಘವಾಗಿರುತ್ತದೆ. ಆದರೆ ದೀಪಕ್ಕೆ ಮುತ್ತುವ ಹುಳುಗಳ ಹಿಂಸೆಗೆ ಅಂಜುವ ವ್ರತಸ್ಥರು ಬಹಳ ಹೊತ್ತು ದೀಪ ಉರಿಸಲಾರರು. ಆದುದರಿಂದ ಗ್ರಂಥದ ಓದು ಹಗಲಿಗೆ, ಬಾಯಿಪಾಠದ ಒಪ್ಪಿಸಿಕೆ ಸಂಜೆಗೆ. ಕತ್ತಲಲ್ಲಿ ಕುಳಿತು ಒಬ್ಬರು ಪದ್ಯದ ಅರ್ಧ ಹೇಳಿದರೆ ಇನ್ನೊಬ್ಬರು ಮುಗಿಸುವುದು. ಇದಕ್ಕೆ ಎಣ್ಣೆಯೂ ಬೇಡ, ಗರಿಯೂ ಬೇಡ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ದಿನಕ್ಕೊಂದರಂತೆ ಹತ್ತು ದಿನ ಹೇಳುವಾಗ ಆ ಮಳೆಗಾಲದ ಅಭ್ಯಾಸ ಸಾರ್ಥಕವಾಗುತ್ತಿತ್ತು.

ಈ ಪದ್ಧತಿಯ ಕೊನೆಯ ಎಳೆಯೊಂದನ್ನು ನಾನೂ ಕಂಡಿದ್ದೇನೆ. ನನ್ನ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ಅಚ್ಚಿನ ಭರತೇಶವೈಭವವನ್ನು ಹಿಡಿದು ಅವರ ಮುಂದೆ ಓದಬೇಕಾದಾಗ ನಾನು ಒಂದು ಪಾದ ಹಾರಿಸಿದರೂ "ನಿಲ್ಲು ಮಗಾ, ಅಲ್ಲೊಂದು ಮಾತು ಬಿಟ್ಟೆ" ಎನ್ನುತ್ತಿದ್ದರು. ಶಾಲೆಗೆ ಹೋದವನು ನಾನು. ಪುಸ್ತಕ ಇದ್ದುದು ನನ್ನ ಕೈಯಲ್ಲಿ. ಗ್ರಂಥ ಇದ್ದುದು ಮಾತ್ರ ಅವರಲ್ಲಿ. ಅಂಥವರನ್ನು ನಾವು ನಿರಕ್ಷರಿಗಳೆಂದು ಲೆಕ್ಕ ಬರೆದುಕೊಂಡೆವು.

ಗಳಿಸಿದ್ದೆಷ್ಟು, ಕಳೆದದ್ದೆಷ್ಟು?

೧೯ನೆಯ ಶತಮಾನದಲ್ಲಿ ಅಚ್ಚಿನ ಮನೆಗಳು ಬಂದವು, ಸರಕಾರಿ ಶಾಲೆಗಳು ಬಂದವು. ಮೈಸೂರು ಸೀಮೆಯಲ್ಲಿ ೧೮೬೮ರಲ್ಲಿ ಹೋಬಳಿ ಶಾಲೆಗಳ ಯೋಜನೆ ಆರಂಭವಾಯಿತು. ೧೮೯೨ರಿಂದ ಕರ್ಣಾಟಕ ಕಾವ್ಯಮಂಜರಿ ಎಂಬ ಮಾಸಪತ್ರಿಕೆಯು ಹಳೆಯ ಕಾವ್ಯಗಳನ್ನು ಅಚ್ಚು ಮಾಡಿ ಮನೆಮನೆಗೆ ಕಳುಹಿಸಿತು. ತಾಳೆಗರಿಯಲ್ಲಿ ಹುದುಗಿದ್ದ ಜೈನಕವಿಗಳು ಕನ್ನಡ ನಾಡಿಗೆಲ್ಲ ಪರಿಚಿತರಾದರು.

ವರ್ತಕನಾದವನು ಜಮಾ ಖರ್ಚು ಎರಡನ್ನೂ ಪ್ರಾಮಾಣಿಕವಾಗಿ ಬರೆಯಬೇಕು. ಹಿಂದೆ ಎಲ್ಲವೂ ಚೆನ್ನಾಗಿತ್ತೆಂದು ನಾನು ಹೇಳಲಾರೆ. ಗ್ರಂಥವಿದ್ದ ಮನೆಗಳು ಕೆಲವೇ. ಗದ್ದೆ ತೋಟಗಳಲ್ಲಿ ದುಡಿಯುವವರ ಮಕ್ಕಳಿಗೆ ಅಕ್ಷರ ದೂರವಾಗಿತ್ತು. ಬ್ರಾಹ್ಮಿ ಸುಂದರಿಯರ ಕಥೆಯನ್ನು ಭಕ್ತಿಯಿಂದ ಕೇಳುತ್ತಿದ್ದ ಮನೆಗಳೇ ತಮ್ಮ ಹೆಣ್ಣುಮಕ್ಕಳ ಕೈಗೆ ಬಳಪ ಕೊಡಲು ಹಿಂಜರಿದವು. ನನ್ನ ಅಜ್ಜಿಯ ಸಂಗತಿಯೇ ಸಾಕ್ಷಿ. ಶಾಲೆ ಮತ್ತು ಅಚ್ಚುಗಳಿಂದ ಓದು ಎಲ್ಲರದೂ ಆಯಿತು. ಇದು ದೊಡ್ಡ ಜಮೆ. ಇದನ್ನು ಯಾರೂ ಬಿಟ್ಟುಕೊಡಬಾರದು.

ಖರ್ಚಿನ ಕಡೆ ನೋಡಿದರೆ, ಐದು ಅಂಗಗಳಲ್ಲಿ ವಾಚನಾ ಒಂದೇ ಉಳಿದಿದೆ. ನಮ್ಮ ಮಕ್ಕಳು ಓದುವುದಿಲ್ಲವೆಂದು ದೂರುವವರ ಮಾತನ್ನು ನಾನು ಒಪ್ಪುವುದಿಲ್ಲ. ಪರೀಕ್ಷೆಗೆಂದು ಅವರು ಓದುವಷ್ಟನ್ನು ನಾವು ಓದಿರಲಿಲ್ಲ; ಕೈಯಲ್ಲಿರುವ ಮೊಬೈಲಿನಲ್ಲಿಯೂ ಅವರು ಓದುತ್ತಲೇ ಇರುತ್ತಾರೆ. ಆದರೆ ಒಂದೇ ಪಡಸಾಲೆಯಲ್ಲಿ ನಾಲ್ಕು ಜನ ನಾಲ್ಕು ಕಡೆ ಮುಖ ಮಾಡಿ, ತಂತಮ್ಮಷ್ಟಕ್ಕೆ, ಸದ್ದಿಲ್ಲದೆ ಓದುತ್ತಾರೆ. ಏನು ಓದಿದೆ ಎಂದು ಕೇಳುವವರಿಲ್ಲ, ತಪ್ಪಿದರೆ ತಿದ್ದುವವರಿಲ್ಲ, ಓದಿದ್ದನ್ನು ಹೇಳಿಸಿಕೊಳ್ಳುವ ಕಿವಿಯಿಲ್ಲ. ಈ ತಪ್ಪಿಗೆ ಮಕ್ಕಳು ಹೊಣೆಯಲ್ಲ. ಹಿಂದಿನ ಮನೆಯಲ್ಲಿ ಮಗನು ಓದುತ್ತಿದ್ದುದು ಹಿರಿಯರು ಕೇಳಲು ಕುಳಿತಿರುತ್ತಿದ್ದುದರಿಂದ. ಶ್ರಾವಕರಾದ ನಾವು ಕೇಳುವುದನ್ನು ಬಿಟ್ಟೆವು. ಅವರು ಓದಿ ಹೇಳುವುದನ್ನು ಬಿಟ್ಟರು.

ಇನ್ನೊಂದು ನಷ್ಟ ನಮ್ಮ ಕಣ್ಣೆದುರಿಗೇ ಆಗುತ್ತಿದೆ. ಮೂಡುಬಿದಿರೆ, ಕಾರ್ಕಳ ಮೊದಲಾದ ಕಡೆಯ ತಾಳೆಗ್ರಂಥಗಳನ್ನು ಪಟ್ಟಿ ಮಾಡಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ೧೯೪೮ರಲ್ಲಿ ಗ್ರಂಥಸೂಚಿಯನ್ನು ಪ್ರಕಟಿಸಿದರು. ಭಂಡಾರ ಸೇರಿದವು ಹೀಗೆ ಲೆಕ್ಕಕ್ಕೆ ಬಂದವು. ಮನೆಗಳ ಅಟ್ಟದಲ್ಲಿ ಉಳಿದವುಗಳನ್ನು ಎಣಿಸುವವರು ಯಾರು? ಮನೆ ಪಾಲಾದಾಗ ಪಾತ್ರೆ ಪಡಗಗಳನ್ನು ಅಳತೆ ಮಾಡಿ ಹಂಚಿಕೊಳ್ಳುತ್ತೇವೆ. ಗರಿಯ ಕಟ್ಟನ್ನು ಮಾತ್ರ ಯಾರಿಗೂ ಬೇಡವೆಂದು ಹೊಳೆಗೆ ಬಿಡುವುದನ್ನೋ ಹಳೆ ಮನೆಯೊಡನೆ ಮಣ್ಣುಗೂಡಿಸುವುದನ್ನೋ ಕೇಳಿದ್ದೇವೆ. ಅದರಲ್ಲಿ ಇರುವುದು ಯಾವುದೋ ಸ್ತೋತ್ರವೋ, ವೈದ್ಯವೋ, ನಮ್ಮ ಮುತ್ತಜ್ಜನ ಅಂಗಡಿಯ ಲೆಕ್ಕವೋ, ಓದಿ ಹೇಳುವವರು ಬೇಕು.

ಕೈಗೆ ಎಟುಕುವ ಕೆಲಸ

ದೊಡ್ಡ ಯೋಜನೆಗಳನ್ನು ಸೂಚಿಸುವ ಯೋಗ್ಯತೆ ನನಗಿಲ್ಲ. ಮೂರು ಸಣ್ಣ ಕೆಲಸಗಳನ್ನು ಮಾತ್ರ ಸಮಾಜದ ಮುಂದಿಡುತ್ತೇನೆ. ಒಂದು: ಬರುವ ಶ್ರುತಪಂಚಮಿಯೊಳಗೆ ಪ್ರತಿಯೊಬ್ಬರೂ ತಂತಮ್ಮ ಮನೆಯ, ನೆಂಟರ ಮನೆಯ ಅಟ್ಟ ಪೆಟ್ಟಿಗೆಗಳನ್ನು ಹುಡುಕಿ, ಗರಿ ಕಡತಗಳು ಸಿಕ್ಕರೆ ದಾರ ಬಿಚ್ಚದೆ ಬಲ್ಲವರಿಗೆ ತೋರಿಸಬೇಕು. ೧೮೯೧ರಲ್ಲಿ ಆರಂಭವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವೂ ಶ್ರವಣಬೆಳಗೊಳದ ಪ್ರಾಕೃತ ಅಧ್ಯಯನ ಸಂಸ್ಥೆಯೂ ಇಂಥ ಗ್ರಂಥಗಳನ್ನು ಬಲ್ಲ ಸ್ಥಳಗಳು. ಎರಡು: ಪ್ರತಿ ಊರಿನಲ್ಲಿ ಒಬ್ಬಿಬ್ಬರು ತರುಣ ತರುಣಿಯರಾದರೂ ಹಳೆಯ ಕನ್ನಡ ಅಕ್ಷರಗಳನ್ನು ಓದಲು ಕಲಿಯಬೇಕು, ಅದರ ವೆಚ್ಚವನ್ನು ಹಿರಿಯರು ಶಾಸ್ತ್ರದಾನವೆಂದೇ ತಿಳಿದು ಕೊಡಬೇಕು. ಮೂರು: ವಾರದಲ್ಲಿ ಒಂದು ಸಂಜೆ ಅರ್ಧ ಗಂಟೆ ಮನೆಯವರೆಲ್ಲ ಕುಳಿತು, ಮನೆಯ ಅತಿ ಕಿರಿಯರಿಂದ ಒಂದು ಕಥೆಯನ್ನು ಗಟ್ಟಿಯಾಗಿ ಓದಿಸಿ ಕೇಳಬೇಕು. ವಡ್ಡಾರಾಧನೆಯ ಕಥೆಯಾದರೂ ಸರಿ, ಅವರ ಶಾಲೆಯ ಪಾಠವಾದರೂ ಸರಿ. ತಿದ್ದುವಲ್ಲಿ ತಿದ್ದಿ, ಕೇಳುವಲ್ಲಿ ಕೇಳಿದರೆ ಐದು ಅಂಗಗಳೂ ತಾವಾಗಿ ಕೂಡಿಕೊಳ್ಳುತ್ತವೆ.

ಬಸದಿಯಲ್ಲಿ ಪ್ರತಿಷ್ಠೆ ಒಂದು ಸಲ ನಡೆಯುತ್ತದೆ. ನಿತ್ಯಪೂಜೆ ನಡೆದರೆ ಮಾತ್ರ ಸಾನ್ನಿಧ್ಯ ಉಳಿಯುತ್ತದೆ ಎಂದು ಪುರೋಹಿತರು ಹೇಳುತ್ತಾರೆ. ಶ್ರುತಕ್ಕೂ ಇದೇ ನ್ಯಾಯ. ಅದರ ಪ್ರತಿಷ್ಠೆ ಆಚಾರ್ಯರಿಂದ ಎಂದೋ ಆಗಿಹೋಗಿದೆ. ನಿತ್ಯಪೂಜೆ ಮಾತ್ರ ನಮ್ಮ ನಮ್ಮ ಮನೆಯ ಪಾಲಿನದು.